ಆ ಯಜ್ಞವೇದಿ ಯಾಕೆ ಕಟ್ಟಿದ್ರಿ ಅಂತ ಕೇಳಿ ನೋಡಿ (ಯೆಹೋಶುವ 22)

ಬಾಗಿಲ ಹತ್ತಿರ ನಿಂತಿರೋ ತಮ್ಮಂದಿರು ದಯವಿಟ್ಟು ಮುಂದೆ ಬನ್ನಿ, ಕುರ್ಚಿಗಳು ಖಾಲಿ ಇವೆ.

ಕಳೆದ ತಿಂಗಳು ಯೌವನಸ್ಥರ ಕೂಟದಲ್ಲಿ, ಯಾವ ವಿಷಯದ ಮೇಲೆ ಸಂದೇಶ ಬೇಕೋ ಚೀಟಿಯಲ್ಲಿ ಬರೆದು ಹಾಕಿ ಅಂದಿದ್ದೆ. ಅಂತ್ಯಕಾಲದ ಬಗ್ಗೆ, ಪವಿತ್ರಾತ್ಮನ ವರಗಳ ಬಗ್ಗೆ ಜಾಸ್ತಿ ಬರುತ್ತೆ ಅಂದುಕೊಂಡಿದ್ದೆ. ಬಂದದ್ದೇ ಬೇರೆ. ಒಬ್ಬರು ಅಪ್ಪನ ಜೊತೆ ಸರಿಯಾಗಿ ಮಾತಾಡಿ ಎಷ್ಟೋ ತಿಂಗಳಾಯ್ತು ಅಂತ ಬರೆದಿದ್ದರು. ಇನ್ನೊಬ್ಬರು, ಪಿಜಿಯಲ್ಲಿ ಒಂದೇ ರೂಮಿನಲ್ಲಿದ್ದೂ ಗೆಳತಿಯ ಜೊತೆ ಮಾತಿಲ್ಲ ಅಂತ. ಒಬ್ಬ ತಂಗಿ ಬರೆದದ್ದು: ಮದುವೆ ಗೊತ್ತಾಗಿದೆ, ನಮ್ಮ ಮನೆ ಸಾಲದ ವಿಷಯ ಹುಡುಗನಿಗೆ ಹೇಗೆ ಹೇಳಲಿ? ಯಾರು ಅಂತ ಗೊತ್ತಾಗದ ಹಾಗೆ ಸ್ವಲ್ಪ ಬದಲಾಯಿಸಿ ಹೇಳ್ತಿದ್ದೀನಿ, ಪಕ್ಕದವರ ಮುಖ ನೋಡಬೇಡಿ.

ಈ ವಿಷಯಕ್ಕೆ ಸಾಮಾನ್ಯವಾಗಿ ನಾವು ಎಫೆಸದವರಿಗೆ 4ನೇ ಅಧ್ಯಾಯ ತೆಗೀತೀವಿ, ಇಲ್ಲ ಯಾಕೋಬ 1:19. ಕೇಳುವುದರಲ್ಲಿ ಬೇಗ, ಮಾತಾಡುವುದರಲ್ಲಿ ನಿಧಾನ. ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಜಗಳ ಆಡ್ತೀವಿ. ಅದಕ್ಕೇ ಇವತ್ತು ಬೇರೆ ಕಡೆ ಹೋಗೋಣ. ಯೆಹೋಶುವನ ಪುಸ್ತಕ 22ನೇ ಅಧ್ಯಾಯ, 10ನೇ ವಚನದಿಂದ. ಇಲ್ಲಿ ಒಂದು ಯುದ್ಧದ ಕಥೆ ಇದೆ, ಆದರೆ ಆ ಯುದ್ಧ ನಡೆಯಲೇ ಇಲ್ಲ. ಅದಕ್ಕೇ ಸಂಡೇ ಸ್ಕೂಲಿನಲ್ಲಿ ಯಾರೂ ಇದನ್ನು ನಮಗೆ ಹೇಳಲಿಲ್ಲ ಅಂತ ಕಾಣುತ್ತೆ. ನನ್ನ ಮಾತಿನಲ್ಲಿ ಹೇಳ್ತೀನಿ, ಮನೆಗೆ ಹೋಗಿ ಪೂರ್ತಿ ಓದಿ.

ಹಿನ್ನೆಲೆ ಚಿಕ್ಕದು. ರೂಬೇನ್ ಕುಲದವರು, ಗಾದ್ ಕುಲದವರು, ಮನಸ್ಸೆಯ ಅರ್ಧ ಕುಲದವರು, ಇವರಿಗೆ ದನಕುರಿ ಜಾಸ್ತಿ. ಯೊರ್ದನ್ ಹೊಳೆಯ ಪೂರ್ವಕ್ಕಿದ್ದ ಹುಲ್ಲುಗಾವಲೇ ಸಾಕು ಅಂತ ರೂಬೇನ್, ಗಾದ್ ಕುಲದವರು ಮೋಶೆಯ ಹತ್ತಿರ ಕೇಳಿಕೊಂಡಿದ್ದರು. ಮೋಶೆ ಒಂದು ಷರತ್ತು ಹಾಕಿದ: ನಿಮ್ಮ ಗಂಡಸರು ಹೊಳೆ ದಾಟಿ, ಅಣ್ಣತಮ್ಮಂದಿರ ಜೊತೆ ನಿಂತು ಯುದ್ಧ ಮಾಡಬೇಕು, ಆಮೇಲೆ ನಿಮ್ಮ ಸೀಮೆಗೆ ಹೋಗಬಹುದು. ಅವರು ಮಾತು ಉಳಿಸಿಕೊಂಡರು. ಹೆಂಡತಿ ಮಕ್ಕಳನ್ನು ಪೂರ್ವದ ದಡದಲ್ಲಿ ಬಿಟ್ಟು ವರ್ಷಗಟ್ಟಲೆ ಇನ್ನೊಬ್ಬರ ಭೂಮಿಗಾಗಿ ಹೋರಾಡಿದರು. ಕೊನೆಗೆ ಯೆಹೋಶುವ ಅವರನ್ನು ಆಶೀರ್ವದಿಸಿ ಕಳಿಸಿಕೊಟ್ಟ.

ಹೋಗೋ ದಾರಿಯಲ್ಲಿ ಹೊಳೆಯ ಹತ್ತಿರ ಅವರು ಒಂದು ಯಜ್ಞವೇದಿ ಕಟ್ಟಿದರು. ಚಿಕ್ಕದಲ್ಲ, ದೂರದಿಂದ ಕಣ್ಣಿಗೆ ಬೀಳುವಷ್ಟು ದೊಡ್ಡದು. ಯಾರಿಗೂ ಹೇಳಲಿಲ್ಲ.

ಈ ಕಡೆಯವರಿಗೆ ಸುದ್ದಿ ಬಂತು. ಅವರ ಜಾಗದಲ್ಲಿ ನಿಂತು ನೋಡಿ. ದೇವರು ಆರಿಸಿಕೊಂಡ ಒಂದೇ ಕಡೆ ಯಜ್ಞ ಮಾಡಬೇಕು ಅನ್ನೋದು ಧರ್ಮಶಾಸ್ತ್ರ. ಗುಡಾರ ಇರೋದು ಶೀಲೋವಿನಲ್ಲಿ. ಹೀಗಿರುವಾಗ ಹೊಳೆ ಪಕ್ಕ ಇನ್ನೊಂದು ವೇದಿ ಎದ್ದು ನಿಂತರೆ ಏನು ಅರ್ಥ? ದೇವರನ್ನು ಬಿಟ್ಟರು, ನಮ್ಮನ್ನೂ ಬಿಟ್ಟರು. ಕೂಡಲೇ ಇಸ್ರಾಯೇಲ್ ಸಮೂಹವೆಲ್ಲ ಯುದ್ಧಕ್ಕೆ ಹೊರಡಲು ಶೀಲೋವಿನಲ್ಲಿ ಸೇರಿತು. ನಿನ್ನೆವರೆಗೆ ಒಟ್ಟಿಗೆ ಊಟ ಮಾಡಿದವರ ಮೇಲೆ!

ಆದರೆ ಕತ್ತಿ ತೆಗೆಯುವ ಮೊದಲು ಒಂದು ಕೆಲಸ ಮಾಡಿದರು. ಜನ ಕಳಿಸಿದರು. ಕುಲಕ್ಕೊಬ್ಬರಂತೆ ಹತ್ತು ಮುಖಂಡರು, ಅವರ ಜೊತೆ ಯಾಜಕನ ಮಗ ಫೀನೆಹಾಸ. ಫೀನೆಹಾಸ ಯಾರು ಗೊತ್ತಲ್ಲ? ಅರಣ್ಯಕಾಂಡ 25ನೇ ಅಧ್ಯಾಯ. ಪಾಪವನ್ನು ನೋಡಿದ ಕೂಡಲೇ ಈಟಿ ಹಿಡಿದು ಡೇರೆಯೊಳಗೆ ನುಗ್ಗಿದ ಮನುಷ್ಯ. ಅಂಥವನೇ ಈಗ ಹೊಳೆ ದಾಟಿ ಗಿಲ್ಯಾದ್ ಸೀಮೆಯವರೆಗೆ ನಡೆದುಹೋಗಿ ಕೇಳ್ತಾನೆ. ದೇವರ ಮೇಲಿನ ಆಸಕ್ತಿ ಅವನಿಗೆ ಕಮ್ಮಿ ಆಗಿರಲಿಲ್ಲ. "ನಾನು ನೇರ ಮಾತಿನವನು ಬ್ರದರ್, ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡ್ತೀನಿ" ಅಂತ ಹೆಮ್ಮೆ ಪಡೋರು ಸ್ವಲ್ಪ ಫೀನೆಹಾಸನನ್ನು ನೋಡಲಿ.

ಅವನು ಕೇಳಿದ ರೀತಿ ಅಂಥಾ ಚೆನ್ನಾಗೇನೂ ಇರಲಿಲ್ಲ, ಅದನ್ನೂ ಹೇಳಬೇಕು. ಎಂಥ ದ್ರೋಹ ಮಾಡಿದ್ರಿ ಅಂತಲೇ ಶುರು. ಪೆಗೋರದ ಪಾಪ ನೆನಪಿಸಿದರು, ಆಕಾನನನ್ನು ನೆನಪಿಸಿದರು, ಅಂದರೆ ಹಳೇದೆಲ್ಲ ತೆಗೆದರು. ನಮ್ಮ ಮನೆ ಜಗಳದ ಹಾಗೇ ಇದೆ, ಅಲ್ವಾ? ಆದರೂ ಮಧ್ಯದಲ್ಲಿ, 19ನೇ ವಚನದಲ್ಲಿ, ಒಂದು ಮಾತು ಸೇರಿಸಿದರು: ನಿಮ್ಮ ಸೀಮೆ ಅಶುದ್ಧ ಅಂತ ನಿಮಗೆ ಅನ್ನಿಸಿದರೆ ಈ ಕಡೆ ಬನ್ನಿ, ನಮ್ಮ ಜಾಗದಲ್ಲೇ ನಿಮಗೂ ಪಾಲು ಕೊಡ್ತೀವಿ. ಭೂಮಿ ರೀ! ಆಗ ತಾನೇ ಪಾಲಾದ ಭೂಮಿ. ತಪ್ಪು ತೋರಿಸೋಕೆ ಹೋದವರು ತಮ್ಮ ಸೈಟಿನಲ್ಲಿ ಅರ್ಧ ಬಿಟ್ಟುಕೊಡೋಕೆ ತಯಾರಾಗಿ ಹೋಗಿದ್ದರು. ಆಮೇಲೆ ಬಾಯಿ ಮುಚ್ಚಿಕೊಂಡು ಉತ್ತರ ಪೂರ್ತಿ ಕೇಳಿದರು.

ಉತ್ತರ ಏನು? ಇದು ಯಜ್ಞಕ್ಕೆ ಕಟ್ಟಿದ್ದಲ್ಲ. ನಮಗೊಂದು ಭಯ. ಮುಂದೊಂದು ದಿನ ನಿಮ್ಮ ಮಕ್ಕಳು ನಮ್ಮ ಮಕ್ಕಳಿಗೆ, ಹೊಳೆಯ ಆ ಕಡೆಯವರಿಗೆ ನಮ್ಮ ದೇವರಲ್ಲಿ ಏನು ಪಾಲು ಅಂತ ಕೇಳಿಬಿಟ್ಟರೆ? ಅದಕ್ಕೆ ನಾವೂ ನಿಮ್ಮವರೇ ಅನ್ನೋದಕ್ಕೆ ಸಾಕ್ಷಿಯಾಗಿ ಇದನ್ನು ಕಟ್ಟಿದೆವು.

ಗಮನಿಸಿ. ಒಂದು ದಡದಿಂದ ನೋಡಿದರೆ ಅದು "ನಾವು ನಿಮ್ಮನ್ನು ಬಿಟ್ಟೆವು" ಅನ್ನೋ ಕಲ್ಲು. ಇನ್ನೊಂದು ದಡದವರು ಅದೇ ಕಲ್ಲಿನಲ್ಲಿ "ನಮ್ಮನ್ನು ಬಿಡಬೇಡಿ" ಅಂತ ಹೇಳ್ತಿದ್ದರು.

ಈಗ ನನ್ನ ಮನೆಯ ವಿಷಯ. ನನ್ನ ಹೆಂಡತಿ ಇದನ್ನು ಹೇಳೋಕೆ ಒಪ್ಪಿಗೆ ಕೊಟ್ಟಿದ್ದಾಳೆ. "ಬಳೆ ವಿಷಯ ಮಾತ್ರ ಬಿಟ್ಟುಬಿಡಬೇಡಿ" ಅಂದಳು.

ಎರಡು ವರ್ಷದ ಹಿಂದೆ ಆಧಾರ್ ಜೆರಾಕ್ಸ್ ಹುಡುಕ್ತಾ ಬೀರುವಿನಲ್ಲಿ ಕೈ ಹಾಕಿದೆ. ಸೀರೆಗಳ ಅಡಿಯಲ್ಲಿ ಪೋಸ್ಟ್ ಆಫೀಸಿನ ಆರ್‌ಡಿ ಪಾಸ್‌ಬುಕ್ ಸಿಕ್ಕಿತು. ಅವಳ ಹೆಸರು. ತಿಂಗಳಿಗೆ 1500 ರೂಪಾಯಿ, ಹದಿನಾಲ್ಕು ತಿಂಗಳಿಂದ. ನನಗೆ ಒಂದು ಮಾತೂ ಹೇಳಿರಲಿಲ್ಲ. ನನಗೆ ಆ ಪುಸ್ತಕ ಓದೋಕೆ ಒಂದು ನಿಮಿಷ ಆಯ್ತು, ತೀರ್ಪು ಬರೆಯೋಕೆ ಅರ್ಧ ನಿಮಿಷ. ಇವಳಿಗೆ ನನ್ನ ಮೇಲೆ ನಂಬಿಕೆ ಇಲ್ಲ. ಬಿಟ್ಟುಹೋಗೋಕೆ ದುಡ್ಡು ಕೂಡಿಸ್ತಿದ್ದಾಳೆ.

ನಾನು ಕೂಗಾಡಲಿಲ್ಲ. ಪಾಸ್ಟರ್ ಅಲ್ವಾ! ಸುಮ್ಮನಾದೆ. ಊಟ ಆಯ್ತಾ ಅಂದ್ರೆ ಹೂಂ. ನಾಳೆ ಆಫೀಸಿಗೆ ಎಷ್ಟು ಹೊತ್ತಿಗೆ ಅಂದ್ರೆ ಗೊತ್ತಿಲ್ಲ. ಹನ್ನೊಂದು ದಿನ. ಅಷ್ಟರಲ್ಲಿ ಒಂದು ಭಾನುವಾರ ಬಂತು, ಇದೇ ಜಾಗದಲ್ಲಿ ನಿಂತು ಐಕ್ಯತೆಯ ಬಗ್ಗೆ ಪ್ರಸಂಗ ಮಾಡಿದೆ. ಅವಳು ಮೂರನೇ ಸಾಲಿನಲ್ಲಿ ಕೂತು ನೋಟ್ಸ್ ಬರ್ಕೊಳ್ತಿದ್ದಳು. ಇನ್ನೂ ಕೆಟ್ಟದ್ದು ಅಂದ್ರೆ, ಒಬ್ಬ ಸಹೋದರನ ಹತ್ತಿರ "ಮನೆ ವಿಷಯಕ್ಕೆ ಪ್ರಾರ್ಥನೆ ಮಾಡಿ" ಅಂತ ಹೇಳಿ ಅರ್ಧ ಕಥೆ ಹೇಳಿಬಿಟ್ಟೆ. ಮತ್ತಾಯ 18:15 ಏನು ಹೇಳುತ್ತೆ? ನಿನ್ನ ಸಹೋದರನು ತಪ್ಪು ಮಾಡಿದರೆ ಮೊದಲು ಅವನೂ ನೀನೂ ಇಬ್ಬರೇ ಇರುವಾಗ ಮಾತಾಡು. ನಾವು ಮೊದಲು ಪ್ರೇಯರ್ ಗ್ರೂಪಿನಲ್ಲಿ ಹಾಕ್ತೀವಿ. ಪ್ರಾರ್ಥನೆ ವಿನಂತಿ ಅನ್ನೋ ಹೆಸರಿನಲ್ಲಿ ಎಷ್ಟು ಚಾಡಿ ಹೋಗುತ್ತೆ ಅಂತ ಕರ್ತನಿಗೇ ಗೊತ್ತು.

ಹನ್ನೆರಡನೇ ರಾತ್ರಿ ಅವಳು ಪಾತ್ರೆ ತೊಳೀತಿದ್ದಳು, ನಾನು ಪಾಸ್‌ಬುಕ್ ತಂದು ಸಿಂಕ್ ಪಕ್ಕ ಇಟ್ಟೆ. ನಾನೂ ಫೀನೆಹಾಸನ ಹಾಗೆ ಆರೋಪದಿಂದಲೇ ಶುರು ಮಾಡಿದೆ. "ಇದೇನು? ಯಾಕೆ ಮುಚ್ಚಿಟ್ಟೆ?"

ಅವಳು ನಲ್ಲಿ ನಿಲ್ಲಿಸಿದಳು. "ನೀವು ಕೆಲಸ ಬಿಟ್ಟು ಬೈಬಲ್ ಕಾಲೇಜಿಗೆ ಹೋದ್ರಲ್ಲ, ಆ ಜೂನ್‌ನಲ್ಲಿ ಪಾಪು ಸ್ಕೂಲ್ ಫೀಸ್ ಕಟ್ಟಿದ್ದು ಹೇಗೆ ಅಂತ ಯಾವತ್ತಾದ್ರೂ ಕೇಳಿದ್ರಾ? ಅಮ್ಮ ಕೊಟ್ಟ ಬಳೆ ಅಡ ಇಟ್ಟೆ. ಹೇಳಿದ್ರೆ ಓದು ಬಿಟ್ಟುಬಿಡ್ತೀರ ಅಂತ ಹೇಳಲಿಲ್ಲ. ನಾಳೆ ಮತ್ತೆ ಕರ್ತನು ಕರೆದ್ರು ಅಂತ ಬಂದು ಹೇಳ್ತೀರ. ಆವಾಗ ಬೇಡ ಅನ್ನೋಕೆ ನನಗೆ ಇಷ್ಟ ಇಲ್ಲ ರೀ. ಅದಕ್ಕೆ ಇದು."

ನನಗೆ ಮಾತು ಬರಲಿಲ್ಲ. ನನ್ನನ್ನು ಬಿಟ್ಟುಹೋಗೋಕೆ ಅಂತ ನಾನು ಓದಿದ ಪುಸ್ತಕ, ನನ್ನ ಸೇವೆ ನಿಲ್ಲಬಾರದು ಅಂತ ಅವಳು ಕಟ್ಟಿದ ವೇದಿ. ಅವಳಿಗೂ ಆಮೇಲೆ ಹೇಳಿದೆ, ನೀನು ಮೊದಲೇ ಹೇಳಬೇಕಿತ್ತು ಅಂತ. ಅವಳೂ ಒಪ್ಪಿದಳು. ಆ ದಿನವೇ ಎಲ್ಲ ಸರಿಹೋಯ್ತು ಅಂತ ಸಾಕ್ಷಿ ಹೇಳಲಾರೆ. ಹನ್ನೊಂದು ದಿನದ ಮೌನ ಅವಳಿಗೆ ಇನ್ನೂ ನೆನಪಿದೆ. ಈಗಲೂ ನಾನು ಆಫೀಸಿನ ತಲೆನೋವಿನಲ್ಲಿ ಸುಮ್ಮನೆ ಕೂತರೆ, "ಏನಾದ್ರೂ ಇದ್ರೆ ಹೇಳಿಬಿಡಿ" ಅಂತಾಳೆ.

ಯೆಹೋಶುವ 22ರಲ್ಲಿ ತಪ್ಪು ಒಂದೇ ಕಡೆ ಇಲ್ಲ. ಪೂರ್ವದವರಿಗೆ ಭಯ ಇತ್ತು, ನಿಜ. ಆದರೆ ಶೀಲೋವಿನಿಂದ ಹೊರಡುವಾಗ ಒಂದು ಮಾತು ಆಡಿದ್ದರೆ ಸಾಕಿತ್ತು. ಬಾಯಲ್ಲಿ ಹೇಳಬೇಕಾದ್ದನ್ನು ಕಲ್ಲಿನಲ್ಲಿ ಹೇಳಿದರು. ನಾವೂ ಹಾಗೇ. ಭಯವನ್ನು ಹೇಳಲ್ಲ, ಸ್ಟೇಟಸ್ ಹಾಕ್ತೀವಿ. ಗ್ರೂಪ್ ಬಿಟ್ಟು ಹೊರಗೆ ಹೋಗ್ತೀವಿ. ಬ್ಲೂ ಟಿಕ್ ಆಫ್ ಮಾಡ್ತೀವಿ. ಆ ಕಡೆಯವರು ಅದನ್ನು ನೋಡಿ ತಮಗೆ ತೋಚಿದ ಅರ್ಥ ಮಾಡಿಕೊಂಡು ಶೀಲೋವಿನಲ್ಲಿ ಸೇರ್ತಾರೆ. ಚೀಟಿ ಬರೆದ ತಂಗೀ, ಇದು ನಿನಗೆ. ಸಾಲ ಎಷ್ಟು, ಎಷ್ಟು ಬಾಕಿ ಇದೆ, ಯಾರು ತೀರಿಸ್ತಿದ್ದಾರೆ, ಲಗ್ನಪತ್ರಿಕೆ ಪ್ರಿಂಟಿಗೆ ಹೋಗೋ ಮೊದಲು ಹೇಳು. ಫೋನಿನಲ್ಲಿ ಬೇಡ, ಎದುರು ಕೂತು. "ನೀವು ಬೇಡ ಅಂತೀರೇನೋ ಅಂತ ಭಯ ಇದೆ" ಅನ್ನೋದನ್ನೂ ಸೇರಿಸಿ ಹೇಳು.

ಅವರ ಭಯ ಸುಳ್ಳಾಗಿತ್ತಾ? ಇಲ್ಲ. ನ್ಯಾಯಸ್ಥಾಪಕರು 8ನೇ ಅಧ್ಯಾಯ, 12ನೇ ಅಧ್ಯಾಯ, ಎರಡನ್ನೂ ಒಟ್ಟಿಗೆ ಓದಿ. ಎರಡು ಸಲವೂ ಎಫ್ರಾಯೀಮ್ಯರು ಒಂದೇ ಸಿಟ್ಟು ಹಿಡಿದು ಬರ್ತಾರೆ: ಯುದ್ಧಕ್ಕೆ ನಮ್ಮನ್ನು ಯಾಕೆ ಕರೆಯಲಿಲ್ಲ? ಗಿದ್ಯೋನ ಮೊದಲು ಅವರು ಮಾಡಿದ ಕೆಲಸವನ್ನು ಮೆಚ್ಚಿ ಮಾತಾಡಿದ, ಅವರ ಸಿಟ್ಟು ಇಳಿಯಿತು. ಯೆಫ್ತಾಹ ಗಿಲ್ಯಾದಿನವನು, ಅಂದರೆ ಅದೇ ಪೂರ್ವದ ದಡದವನು. ಕರೆದಿದ್ದೆ, ನೀವೇ ಬರಲಿಲ್ಲ ಅಂದ. ಅತ್ತ ಎಫ್ರಾಯೀಮ್ಯರು ಗಿಲ್ಯಾದಿನವರನ್ನು ಓಡಿಬಂದವರು ಅಂತ ಹೀಯಾಳಿಸಿದರು. ಮುಂದೆ ಯೊರ್ದನ್ ಹೊಳೆಯ ದಾಟುವ ಜಾಗಗಳಲ್ಲೇ, ಷಿಬ್ಬೋಲೆತ್ ಅನ್ನೋ ಒಂದು ಪದವನ್ನು ಉಚ್ಚರಿಸೋಕೆ ಹೇಳಿ, "ಷಿ" ಬರದವರನ್ನು ಹಿಡಿದು ಕೊಂದರು. 42,000 ಜನ. ಫೀನೆಹಾಸನ ಹಾಗೆ ಹೊಳೆ ದಾಟಿ ಹೋಗಿ ಕೇಳುವವರು ಆ ಕಾಲಕ್ಕೆ ಯಾರೂ ಇರಲಿಲ್ಲ.

ಉಚ್ಚಾರಣೆಯ ವಿಷಯ ನಮ್ಮ ಕುಕ್ ಟೌನಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಊರಿಗೂ ಒಂದು ಯೊರ್ದನ್ ಇತ್ತು. 1881ರಿಂದ 1947ರವರೆಗೆ ಈ ಕಂಟೋನ್ಮೆಂಟ್ ಬ್ರಿಟಿಷರ ಆಡಳಿತ, ಕಬ್ಬನ್ ಪಾರ್ಕಿನ ಆ ಕಡೆ ಪೇಟೆ ಮೈಸೂರು ಅರಸರದು. ಎರಡು ಮುನ್ಸಿಪಾಲಿಟಿಗಳು ಒಂದಾದದ್ದು 1949ರಲ್ಲಿ. ನಮ್ಮಜ್ಜಿ ಕೊನೆವರೆಗೂ ಚಿಕ್ಕಪೇಟೆಗೆ ಹೋಗೋದನ್ನು "ಸಿಟಿಗೆ ಹೋಗಿ ಬರ್ತೀನಿ" ಅಂತಲೇ ಹೇಳ್ತಿದ್ದರು. ಇವತ್ತು ಈ ಹಾಲಿನಲ್ಲಿ ಮನೆಯಲ್ಲಿ ತಮಿಳು ಮಾತಾಡೋರು, ತೆಲುಗು, ಮಲಯಾಳಂ, ಇಂಗ್ಲಿಷ್ ಮಾತಾಡೋರು, ಕೋಲಾರದಿಂದ, ಕಲಬುರಗಿಯಿಂದ ಬಂದವರು ಎಲ್ಲ ಇದ್ದೀರ. ಆರಾಧನೆಯಲ್ಲಿ ಒಟ್ಟಿಗೆ ಕೈ ಎತ್ತುತ್ತೀವಿ. ಆಮೇಲೆ ಹೊರಗೆ ಟೀ ಕುಡಿಯುವಾಗ ಭಾಷೆ ಪ್ರಕಾರ ಗುಂಪಾಗ್ತೀವಿ. ಹೋದ ವರ್ಷ ಕಲಬುರಗಿ ಕಡೆಯ ಒಬ್ಬ ತಮ್ಮನ ಮಾತಿನ ಧಾಟಿಯನ್ನು ಇಲ್ಲೇ ಯಾರೋ ಅಣಕಿಸಿದರು, ತಮಾಷೆಗೆ. ಅವನು ಮೂರು ವಾರ ಬರಲಿಲ್ಲ. ಬ್ಯುಸಿ ಇರಬೇಕು ಅಂದುಕೊಂಡೆವು. ಯಾರೂ ಹೋಗಿ ಕೇಳಲಿಲ್ಲ, ನಾನೂ ಸೇರಿ. ಆಮೇಲೆ ಗೊತ್ತಾಯ್ತು, ಅವನು ಸಭೆಗೇ ಹೋಗೋದು ಬಿಟ್ಟಿದ್ದ.

ಒಂದು ಎಚ್ಚರಿಕೆ, ಇದನ್ನು ತಪ್ಪಾಗಿ ತಗೋಬೇಡಿ. ಮನೆಯಲ್ಲಿ ಹೊಡೆಯೋರು, ಹೆದರಿಸೋರು ಇದ್ದರೆ, "ನೀನೇ ಹೋಗಿ ಸಮಾಧಾನವಾಗಿ ಮಾತಾಡು" ಅಂತ ನಾನು ಹೇಳ್ತಿಲ್ಲ. ದಾವೀದನೂ ಸೌಲನ ಈಟಿಯಿಂದ ತಪ್ಪಿಸಿಕೊಂಡು ಓಡಿದ, ಅದು ಅಪನಂಬಿಕೆ ಅಲ್ಲ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ನನಗೂ ನನ್ನ ಹೆಂಡತಿಗೂ ಫೋನ್ ಮಾಡಿ, ಯಾವ ಹೊತ್ತಿನಲ್ಲಾದರೂ.

ಉಳಿದವರಿಗೆ ಈ ವಾರ ಒಂದೇ ಕೆಲಸ. ಯಾರ ಯಾವ ವೇದಿ ನೋಡಿ ನಿಮ್ಮ ಮನಸ್ಸು ಯುದ್ಧಕ್ಕೆ ಸೇರಿದೆಯೋ, ಅವರ ಹತ್ತಿರ ಹೋಗಿ ಕೇಳಿ. ಕೇಳುವಾಗ ಕೈಯಲ್ಲಿ ಏನಾದರೂ ಕೊಡೋಕೆ ಇರಲಿ. ಅಪ್ಪನ ಜೊತೆ ಮಾತು ಬಿಟ್ಟವರು, "ನೀವು ಯಾವಾಗಲೂ ಹೀಗೇ" ಅಂತ ಹೋಗಬೇಡಿ. "ಅಪ್ಪಾ, ಆ ದಿನ ನೀವು ಹಾಗಂದಿದ್ದು ಯಾಕೆ, ನನಗೆ ಅರ್ಥ ಆಗಲಿಲ್ಲ" ಅಂತ ಕೇಳಿ, ಆಮೇಲೆ ಸುಮ್ಮನೆ ಕೂತ್ಕೊಳ್ಳಿ. ನಮ್ಮ ಅಪ್ಪಂದಿರು ಭಯ ಅನ್ನೋ ಪದ ಬಳಸಲ್ಲ. ಸಂಬಳ, ಮದುವೆ, ಲೇಟಾಗಿ ಬಂದದ್ದು, ಇವುಗಳ ಬಗ್ಗೆ ರೇಗ್ತಾರೆ. ಅದರ ಅಡಿಯಲ್ಲಿ ಏನಿದೆ ಅಂತ ಹೊರಗೆ ಬರೋಕೆ ಹತ್ತು ನಿಮಿಷ ಬೇಕಾಗಬಹುದು, ಹತ್ತು ಸಂಜೆ ಬೇಕಾಗಬಹುದು. ಕೇಳಿದ ಮೇಲೂ ಉತ್ತರ ನಿಮಗೆ ಸಮಾಧಾನ ತರದೇ ಇರಬಹುದು. ಫೀನೆಹಾಸನಿಗೂ ಏನು ಉತ್ತರ ಬರುತ್ತೆ ಅಂತ ಗೊತ್ತಿಲ್ಲದೇ ಹೋಗಿದ್ದು.

ಈಗ ಎಲ್ಲರೂ ಎದ್ದು ನಿಲ್ಲೋಣ. ಕೀಬೋರ್ಡ್ ತಮ್ಮ, ನಿಧಾನವಾಗಿ ನುಡಿಸು. ಪ್ರಾರ್ಥನೆ ಮಾಡುವಾಗ ಒಬ್ಬರ ಹೆಸರು ಮನಸ್ಸಿಗೆ ಬಂದರೆ ಅದನ್ನು ತಳ್ಳಬೇಡಿ. ಅವರು ಇದೇ ಹಾಲಿನಲ್ಲಿದ್ದರೆ ಈಗಲೇ ನಡೆದು ಹೋಗಿ, ಪ್ರಾರ್ಥನೆಯ ಮಧ್ಯದಲ್ಲೇ ಹೋದರೂ ಯಾರೂ ಏನೂ ಅಂದುಕೊಳ್ಳಲ್ಲ. ಹೊರಗಿದ್ದರೆ ಮೆಟ್ಟಿಲ ಹತ್ತಿರ ಗಲಾಟೆ ಕಮ್ಮಿ, ಅಲ್ಲಿಂದ ಫೋನ್ ಮಾಡಿ ಯಾವಾಗ ಸಿಗ್ತೀರ ಅಂತ ಕೇಳಿ. ನಾನು ಆ ಕಲಬುರಗಿ ತಮ್ಮನಿಗೆ ಮಾಡ್ತೀನಿ.