ಬೋರ್ಡಿನ ಬೆಳಕಿಗೂ ಲೆಕ್ಕ ಇರಲಿ, ಮಗಾ

ಬೈಪಾಸ್ ಆದಮೇಲೆ ಶ್ರೀರಂಗಪಟ್ಟಣದೊಳಕ್ಕೆ ತಿರುಗೋ ಗಾಡಿ ಕಮ್ಮಿ, ಬೋರ್ಡು ಝಗಝಗ ಅಂದರೇನೇ ಗಿರಾಕಿ ಬರೋದು ಅಂದೆಯಲ್ಲ, ಆ ಭಯ ನನಗೆ ಅರ್ಥವಾಗುತ್ತೆ, ಮಗಾ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದಾಗಿನಿಂದ ಹಳೇ ರಸ್ತೆಯ ವ್ಯಾಪಾರಿಗಳದ್ದೆಲ್ಲ ಇದೇ ಚಿಂತೆ. ಆದರೂ ಮೋಲ್ಡ್ ಹಾಕೋ ಮುಂಚೆ ನನ್ನ ಮಾತು ಸ್ವಲ್ಪ ಕೇಳು. ವೈರಿಂಗ್ ಕೆಲಸದಲ್ಲೇ ತಲೆ ನರೆತವನು ನಾನು.

ನೀನು ಕಟ್ಟುತ್ತಿರೋದು ಲಾಡ್ಜು, ಮೇಲೊಂದು ಏಸಿ ಹಾಲ್, ಲಿಫ್ಟು ಬೇರೆ. ಲೋಡು 100 ಕಿಲೋವ್ಯಾಟ್ ಮುಟ್ಟಿದರೆ, ಇಲ್ಲವೇ ಕರಾರಿನ ಬೇಡಿಕೆ 120 ಕೆವಿಎ ಆದರೆ, ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯ ವ್ಯಾಪ್ತಿಗೆ ಬರುತ್ತೀಯ. 2007ರಲ್ಲಿ ಬಂದು 2017ರಲ್ಲಿ ಪರಿಷ್ಕಾರವಾದ ಸಂಹಿತೆ ಅದು. ಹೊರಗಿನ ದೀಪಕ್ಕೆ ಕೈಯಲ್ಲಿ ಒತ್ತೋ ಸ್ವಿಚ್ಚೊಂದೇ ಸಾಲದು ಅನ್ನುತ್ತೆ ಅದು. ಬೆಳಗಾದರೆ ತಾನೇ ಆರಿಸೋ ಸೆನ್ಸರ್ ಬೇಕು, ಇಲ್ಲ ಸೂರ್ಯ ಮುಳುಗೋ ಹೊತ್ತನ್ನು ದಿನದಿನಕ್ಕೂ ಲೆಕ್ಕ ಹಾಕೋ ಟೈಮರ್ ಬೇಕು. ನಮ್ಮಲ್ಲಿ ನವೆಂಬರ್ ಕೊನೆಗೂ ಜುಲೈಗೂ ಸೂರ್ಯ ಮುಳುಗೋದರಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ ವ್ಯತ್ಯಾಸ. ಹುಡುಗರ ನೆನಪನ್ನು ನಂಬಿಕೊಂಡರೆ ಬೋರ್ಡು ಮಟಮಟ ಮಧ್ಯಾಹ್ನವೂ ಉರಿಯುತ್ತೆ. ಒಳಗೆ ದಾರಿ ತೋರಿಸೋ 'ನಿರ್ಗಮನ' ಫಲಕ ಒಂದು ಮುಖಕ್ಕೆ 5 ವ್ಯಾಟ್ ದಾಟಬಾರದು. ಅದನ್ನೂ ನಕ್ಷೆ ಮಾಡೋವರಿಗೆ ಈಗಲೇ ಹೇಳಿಬಿಡು.

ದುಡ್ಡಿನ ಲೆಕ್ಕ ನೋಡು. ಹಳೇ ದಪ್ಪ ಟ್ಯೂಬುಲೈಟು ಚೋಕ್ ಸೇರಿ 50 ವ್ಯಾಟ್ ಎಳೆಯುತ್ತೆ. ಹನ್ನೆರಡು ಟ್ಯೂಬಿನ ಬೋರ್ಡು ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಉರಿದರೆ ದಿನಕ್ಕೆ 7.2 ಯೂನಿಟ್, ತಿಂಗಳಿಗೆ 216. ಅದೇ ಬೋರ್ಡನ್ನು 150 ವ್ಯಾಟಿನ ಎಲ್‌ಇಡಿಯಲ್ಲಿ ಮಾಡಿಸಿ ರಾತ್ರಿ ಹತ್ತೂವರೆಗೆ ಆರಿಸಿದರೆ ತಿಂಗಳಿಗೆ ಇಪ್ಪತ್ತರ ಆಸುಪಾಸು. ಆಮೇಲೆ ರೂಮು ಕೇಳಿ ಬರೋರಿಗೆ ಬಾಗಿಲ ಮೇಲಿನ ಸಣ್ಣ ಫಲಕ ಸಾಕು.

ಬೆಳಕು ಜಾಸ್ತಿಯಾದರೆ ಹೆಸರು ಚೆನ್ನಾಗಿ ಕಾಣುತ್ತೆ ಅನ್ನೋದು ಸುಳ್ಳು, ಇದನ್ನಂತೂ ಮರೀಬೇಡ. ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯಂತೆ ಬೋರ್ಡಿನ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ನಮ್ಮ ಅಕ್ಷರ ದುಂಡು, ಕೆಳಗೆ ಒತ್ತು. ಬೆಳಕು ಕಣ್ಣಿಗೆ ಹೊಡೆಯೋ ಹಾಗಿದ್ದರೆ ದುಂಡು ಮುಚ್ಚಿ, ಒತ್ತು ಕರಗಿ, 'ಶ್ರೀ' ಅನ್ನೋದು ದೂರಕ್ಕೆ ಬಿಳೀ ಮುದ್ದೆಯಾಗುತ್ತೆ. ಹಿನ್ನೆಲೆ ಗಾಢ ಬಣ್ಣದಲ್ಲಿರಲಿ, ಅಕ್ಷರ ಮಾತ್ರ ಬೆಳಗಲಿ, ಗಾತ್ರ ದೊಡ್ಡದಿರಲಿ, ಅಕ್ಷರಗಳ ನಡುವೆ ಜಾಗ ಬಿಡಿಸು. ವ್ಯಾಟ್ ಕಮ್ಮಿಯಿದ್ದರೂ ಓಡೋ ಕಾರಿನಲ್ಲಿರೋನು ಓದಿಕೊಳ್ಳುತ್ತಾನೆ. ರಂಗನತಿಟ್ಟು ಹತ್ತಿರದಲ್ಲೇ ಇದೆ. ಹಕ್ಕಿಗಳು ಕೂರೋ ಜಾಗದ ಕಡೆಗೆ ರಾತ್ರಿಯಿಡೀ ಬೆಳಕು ಚೆಲ್ಲೋದು ನನಗೆ ಹಿಡಿಸೋಲ್ಲ.

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿರೋ ನಿನ್ನ ಗೆಳೆಯರ ಸಣ್ಣ ಅಂಗಡಿಗಳಿಗೆ ಈ ಸಂಹಿತೆ ತಟ್ಟೋಲ್ಲ. ಟೈಮರ್ ಮಾತ್ರ ಅವರೂ ಹಾಕಿಸಿಕೊಳ್ಳಲಿ, ಬಿಲ್ಲಿನಲ್ಲೇ ಉಳಿತಾಯ ಕಾಣುತ್ತೆ. ಇನ್ನೊಂದು ಮುಖ್ಯ ಮಾತು. ಗೃಹಜ್ಯೋತಿ ಯೋಜನೆಯಲ್ಲಿ ಕರೆಂಟು ಪುಕ್ಕಟೆ ಅಂತ ಯಾರೂ ಮನೆಯ ಮೀಟರಿನಿಂದ ಅಂಗಡಿ ಬೋರ್ಡಿಗೆ ವೈರು ಎಳೆಯಬಾರದು. ಆ ಯೋಜನೆ ಇರೋದು ಮನೆ ಬಳಕೆಗೆ ಮಾತ್ರ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಹಾಗೆ ವೈರು ಎಳೆಯೋದು ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ದರದ ಎರಡರಷ್ಟು ಕಟ್ಟಿಸಿಕೊಳ್ಳುತ್ತಾರೆ.

ಬೋರ್ಡಿಗೆ ಪ್ರತ್ಯೇಕ ಎಂಸಿಬಿ, ಪ್ರತ್ಯೇಕ ಪೈಪು ಮೋಲ್ಡ್ ಹಾಕೋವಾಗಲೇ ಬಿಡಿಸಿಡು. ಆಮೇಲೆ ಗೋಡೆ ಕೊರೆದರೆ ಮಳೆನೀರು ಒಳಗೆ ಇಳಿಯುತ್ತೆ. ಚೆಸ್ಕಾಂಗೆ ಲೋಡು ಕೇಳೋವಾಗ ಬೋರ್ಡಿನ ವ್ಯಾಟನ್ನೂ ಸೇರಿಸು. ಬೋರ್ಡಿನವನು ಕೊಟೇಶನ್ ಕೊಟ್ಟರೆ ಅಡಿಗೆಷ್ಟು ಅಂತ ಮಾತ್ರ ನೋಡಬೇಡ. ಒಟ್ಟು ವ್ಯಾಟ್ ಎಷ್ಟು, ಡ್ರೈವರ್ ಮಳೆ ತಡೆಯುತ್ತಾ, ಟೈಮರ್ ಸೇರಿದೆಯಾ, ಮೂರನ್ನೂ ಬರೆಸಿಕೊಂಡು ಸಹಿ ಹಾಕು.