ಲಾರಿಯ ಪ್ರೊಪೆಲ್ಲರ್ ಶಾಫ್ಟಿನ ಶಬ್ದವೂ ಗ್ರೀಸಿನ ಉಪಯೋಗವೂ

ರಾಯಚೂರು ಜಿಲ್ಲೆಯು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಪ್ರದೇಶವೆಂಬುದು ವಾಚಕರಿಗೆ ತಿಳಿದ ವಿಷಯವೇ ಸರಿ. ತುಂಗಭದ್ರಾ ಎಡದಂಡೆ ನಾಲೆಯ ನೀರು ಮಾನ್ವಿಯ ಕಡೆಗೂ, ನಾರಾಯಣಪುರ ಬಲದಂಡೆ ನಾಲೆಯ ನೀರು ದೇವದುರ್ಗದ ಕಡೆಗೂ ಬಂದ ಮೇಲೆ ಈ ಸೀಮೆಯಲ್ಲಿ ಭತ್ತದ ಬೆಳೆಯು ಬಹಳವಾಗಿ ಹಬ್ಬಿರುವುದು. ಈ ಭತ್ತವೂ ಎರೆಭೂಮಿಯ ಹತ್ತಿಯೂ ರಾಯಚೂರು ನಗರದ ಮಾರುಕಟ್ಟೆಗೂ ಗಿರಣಿಗಳಿಗೂ ಲಾರಿ ಟ್ರ್ಯಾಕ್ಟರುಗಳ ಮೇಲೆಯೇ ಸಾಗತಕ್ಕವು.

ಹಿಂದೆ ಎತ್ತಿನ ಬಂಡಿಗಳ ಕಾಲದಲ್ಲಿ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡಿದ ಕೀಲೆಣ್ಣೆಯನ್ನು ಅಚ್ಚಿಗೆ ಹಚ್ಚದೆ ಯಾವ ಒಕ್ಕಲಿಗನೂ ದೂರದ ಸಂತೆಗೆ ಹೊರಡುತ್ತಿರಲಿಲ್ಲ. ಗಾಲಿ ಕಿರುಗುಟ್ಟಿದರೆ ಬಂಡಿಯ ಯಜಮಾನನಿಗೇ ಅದು ಮೊದಲು ಕೇಳಿಸುತ್ತಿತ್ತು. ಈಗ ಯಂತ್ರದ ಕೀಲುಗಳು ಗಾಡಿಯ ಹೊಟ್ಟೆಯ ಕೆಳಗಿರುವುದರಿಂದ ಅವುಗಳ ಕೂಗು ಮಾಲೀಕನ ಕಿವಿಗೆ ಬೀಳುವುದು ಅಪರೂಪ. ಅಂತಹ ಒಂದು ಕೂಗಿನ ವಿಷಯವಾಗಿ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಿಳಿದಿರಬೇಕಾದುದನ್ನು ಇಲ್ಲಿ ವಿವರಿಸಲಾಗುವುದು.

ತುಂಬಿದ ಲಾರಿಯು ಹೊರಡುವಾಗ, ನಿಲ್ಲುವಾಗ, ಇಲ್ಲವೆ ಗೇರು ಬದಲಾಯಿಸುವಾಗ ಕೆಳಗಿನಿಂದ ‘ಧಡಕ್’ ಎಂಬ ಶಬ್ದವು ಬರುವುದುಂಟು. ‘ಗ್ರೀಸು ಹೊಡೆದರೆ ಸರಿಹೋಗುತ್ತದೆ’ ಎಂದು ಚಾಲಕರು ಹೇಳುವರು. ಈ ಮಾತು ಅರ್ಧ ನಿಜ. ಗ್ರೀಸು ಒಣಗಿದ ಕೀಲಿಗೆ ಔಷಧವೇ ಹೊರತು ಸವೆದ ಕೀಲಿಗೆ ಅಲ್ಲ. ಇವೆರಡರ ಭೇದವನ್ನು ಅರಿಯುವುದೇ ಮುಖ್ಯವಾದ ಕೆಲಸ.

1. ಶಾಫ್ಟಿನ ರಚನೆ

ಗೇರ್ ಬಾಕ್ಸಿನ ಶಕ್ತಿಯನ್ನು ಹಿಂದಿನ ಗಾಲಿಗಳ ಅಚ್ಚಿಗೆ ಒಯ್ಯುವ ಉದ್ದನೆಯ ಕೊಳವೆಗೆ ಪ್ರೊಪೆಲ್ಲರ್ ಶಾಫ್ಟ್ ಎಂದು ಹೆಸರು. ಅನೇಕ ಲಾರಿಗಳಲ್ಲಿ ಗಾಲಿಯು ಒಂದು ಸುತ್ತು ಬರುವಷ್ಟರಲ್ಲಿ ಇದು ಐದಾರು ಸುತ್ತು ತಿರುಗುವುದು. ಗಾಡಿಯು ಹಳ್ಳ ದಿಣ್ಣೆಗಳಲ್ಲಿ ಕುಲುಕಿದಾಗ ಕಮಾನು ಪಟ್ಟಿಗಳು ಬಾಗಿ ಹಿಂದಿನ ಅಚ್ಚು ಮೇಲಕ್ಕೂ ಕೆಳಕ್ಕೂ ಆಡುವುದಷ್ಟೆ. ಆಗ ಶಾಫ್ಟಿನ ಓರೆಯೂ ಉದ್ದವೂ ಕ್ಷಣಕ್ಷಣಕ್ಕೂ ಬದಲಾಗಬೇಕು. ಇದಕ್ಕಾಗಿ ಎರಡು ಏರ್ಪಾಡುಗಳಿರುವುವು.

ಮೊದಲನೆಯದು ಕ್ರಾಸ್ ಎಂದು ಗ್ಯಾರೇಜಿನವರು ಕರೆಯುವ ನಾಲ್ಕು ತೋಳಿನ ಕೀಲು. ಪ್ರತಿಯೊಂದು ತೋಳಿನ ತುದಿಯಲ್ಲಿಯೂ ಒಂದು ಬಟ್ಟಲು, ಅದರೊಳಗೆ ಸೂಜಿಯಂತಹ ಸಣ್ಣ ಉರುಳೆಗಳು ಇರುವುವು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ವಿವರಿಸಿದ ಈ ಬಗೆಯ ಕೀಲನ್ನು ಮೋಟಾರು ಗಾಡಿಗೆ ಅಳವಡಿಸಿ 1903ರಲ್ಲಿ ಪೇಟೆಂಟು ಪಡೆದವನು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಎರಡನೆಯದು ಜಾರುವ ಕೀಲು. ಇಲ್ಲಿ ಉದ್ದುದ್ದನೆಯ ಹಲ್ಲುಗಳುಳ್ಳ ಒಂದು ದಂಡವು ಅಂತಹವೇ ಹಲ್ಲುಗಳುಳ್ಳ ಕೊಳವೆಯೊಳಗೆ ಹಿಂದೆ ಮುಂದೆ ಜಾರುವುದು. ಉದ್ದನೆಯ ಲಾರಿಗಳಲ್ಲಿ ಶಾಫ್ಟು ಎರಡು ತುಂಡಾಗಿದ್ದು, ನಡುವೆ ರಬ್ಬರಿನಲ್ಲಿ ಕೂತ ಸೆಂಟರ್ ಬೇರಿಂಗು ಇರುವುದು.

2. ಶಬ್ದದ ಕಾರಣಗಳು

ಗದ್ದೆಯ ಕೆಸರು, ನಾಲೆಯ ನೀರು, ಬೇಸಿಗೆಯ ಎರೆಮಣ್ಣಿನ ಧೂಳು, ಇವು ಮೂರೂ ಗ್ರೀಸಿನ ವೈರಿಗಳು. ಜಾರುವ ಕೀಲಿನಲ್ಲಿ ಗ್ರೀಸು ಒಣಗಿದರೆ ಹಲ್ಲುಗಳು ಜಾರದೆ ಹಿಡಿದುಕೊಳ್ಳುವುವು. ಭಾರದ ಒತ್ತಡವು ಮಿತಿಮೀರಿದಾಗ ಒಮ್ಮೆಲೆ ಬಿಟ್ಟುಕೊಡುವುವು. ಗಾಡಿ ನಿಲ್ಲುವಾಗ ಅಥವಾ ಹೊರಡುವಾಗ ಕೇಳುವ ಒಂದೇ ಒಂದು ಧಡಕ್ ಶಬ್ದವು ಅನೇಕ ವೇಳೆ ಇದೇ ಆಗಿರುವುದು. ಗ್ರೀಸಿನಿಂದ ಗುಣವಾಗತಕ್ಕದ್ದು ಈ ಶಬ್ದವೇ. ಮೆಲ್ಲಗೆ ಚಲಿಸುವಾಗ ಸುತ್ತಿಗೊಮ್ಮೆ ಕಿಚಕಿಚ ಎಂದು ಕೇಳಿದರೆ ಕ್ರಾಸಿನ ಉರುಳೆಗಳು ಒಣಗಿವೆಯೆಂದು ಊಹಿಸಬಹುದು.

ಆದರೆ ಸವೆದ ಕ್ರಾಸು, ಸಡಿಲವಾದ ಬೋಲ್ಟುಗಳು, ಸವೆದ ಹಲ್ಲುಗಳು, ಹಿಂದಿನ ಹೌಸಿಂಗಿನ ಸವೆದ ಗೇರುಗಳು, ಕಮಾನು ಪಟ್ಟಿಯನ್ನು ಬಿಗಿದ ಸಡಿಲ ಬೋಲ್ಟುಗಳು, ಇವೂ ಅದೇ ಬಗೆಯ ಶಬ್ದವನ್ನು ಮಾಡಬಲ್ಲವು. ಒಂದು ನಿರ್ದಿಷ್ಟ ವೇಗದಲ್ಲಿ ಗಾಡಿಯೇ ನಡುಗುವುದಾದರೆ ಶಾಫ್ಟು ಬಾಗಿರುವುದೋ, ತೂಕದ ಬಿಲ್ಲೆ ಉದುರಿರುವುದೋ, ಸೆಂಟರ್ ಬೇರಿಂಗಿನ ರಬ್ಬರು ಹರಿದಿರುವುದೋ ನೋಡತಕ್ಕದ್ದು.

3. ಪರೀಕ್ಷಿಸುವ ಕ್ರಮ

ಬರಿದಾದ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಇಂಜಿನನ್ನು ಆರಿಸಿ, ಬೀಗದ ಕೈಯನ್ನು ಪರೀಕ್ಷಿಸುವವನು ತನ್ನ ಬಳಿಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಗಾಲಿಗಳ ಹಿಂದೆಯೂ ಮುಂದೆಯೂ ಕಲ್ಲು ಅಥವಾ ಮರದ ತುಂಡು ಇಡದೆ ಕೆಳಗೆ ನುಸುಳಲೇ ಕೂಡದು. ಕೆಲವು ಗಾಡಿಗಳಲ್ಲಿ ಹ್ಯಾಂಡ್ ಬ್ರೇಕು ಈ ಶಾಫ್ಟನ್ನೇ ಹಿಡಿಯುವುದರಿಂದ, ಶಾಫ್ಟಿನ ಬೋಲ್ಟು ಕಳಚಿದ ಕ್ಷಣವೇ ಗಾಡಿಯು ಉರುಳಬಹುದು.

ತರುವಾಯ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕ್ರಾಸಿನ ಎರಡು ಬದಿಗಳನ್ನೂ ಎರಡು ಕೈಗಳಿಂದ ಹಿಡಿದು ಎದುರುಬದಿರಾಗಿ ತಿರುಗಿಸಿ, ಮೇಲಕ್ಕೂ ಕೆಳಕ್ಕೂ ಅಲುಗಿಸಿ ನೋಡಬೇಕು. ಎರಡು ಬದಿಗಳೂ ಕೂಡಿಯೇ ಸ್ವಲ್ಪ ತಿರುಗಿದರೆ ಅದು ಹೌಸಿಂಗಿನ ಗೇರುಗಳ ಸಹಜವಾದ ಆಟವಾಗಿರಬಹುದು. ಒಂದು ಬದಿ ನಿಂತು ಇನ್ನೊಂದು ಬದಿ ಅಲುಗಿದರೆ ಕ್ರಾಸು ಸವೆದಿರುವುದು ನಿಶ್ಚಯ. ಬಟ್ಟಲುಗಳ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೂ ಒಳಗಿನ ಉರುಳೆಗಳು ಕೆಟ್ಟಿವೆಯೆಂದು ಎಣಿಸತಕ್ಕದ್ದು. ಅಂತಹ ಕ್ರಾಸನ್ನು ಬದಲಾಯಿಸದೆ ಬೇರೆ ದಾರಿಯಿಲ್ಲ. ಶಾಫ್ಟನ್ನು ಕಳಚುವ ಮುನ್ನ ಜಾರುವ ಕೀಲಿನ ಎರಡು ಭಾಗಗಳ ಮೇಲೆಯೂ ಗುರುತು ಹಾಕಿ, ಮರಳಿ ಕೂಡಿಸುವಾಗ ಗುರುತಿಗೆ ಗುರುತು ಸೇರಿಸಬೇಕು. ಹಲ್ಲು ತಪ್ಪಿ ಕೂಡಿಸಿದರೆ ಗಾಡಿಯು ನಡುಗುವುದು.

4. ಗ್ರೀಸು ತುಂಬುವ ಕ್ರಮ

ನಿಪ್ಪಲುಗಳನ್ನು ಬಟ್ಟೆಯಿಂದ ಚೆನ್ನಾಗಿ ಒರಸತಕ್ಕದ್ದು. ಒರಸದಿದ್ದರೆ ಮೇಲಿನ ಮಣ್ಣೇ ಗ್ರೀಸಿನೊಡನೆ ಒಳಹೊಕ್ಕು ಸಾಣೆಯ ಕೆಲಸ ಮಾಡುವುದು. ಕ್ರಾಸಿಗೆ ಗ್ರೀಸ್ ಗನ್ನಿನಿಂದ ಮೆಲ್ಲಗೆ ಒತ್ತುತ್ತ, ನಾಲ್ಕು ಬಟ್ಟಲುಗಳ ಅಂಚಿನಿಂದಲೂ ಹಳೆಯ ಕಪ್ಪು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ತುಂಬಬೇಕು. ಎರಡು ಸಲ ಒತ್ತಿ ಬಿಟ್ಟರೆ ಸಾಲದು. ಮೂರು ಬಟ್ಟಲುಗಳಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಒಂದೇ ಬಟ್ಟಲು ಮುಂದೆ ಇಡೀ ಕೀಲನ್ನು ಕೆಡಿಸುವುದು. ಆಗ ಎಲ್ಲರೂ ಕೆಳಗಿನಿಂದ ಹೊರಬಂದ ಮೇಲೆ ಗಾಡಿಯನ್ನು ಸ್ವಲ್ಪ ಮುಂದೆ ಸರಿಸಿ, ಮತ್ತೆ ಗಾಲಿಗೆ ಕಲ್ಲು ಕೊಟ್ಟು, ಪುನಃ ಪ್ರಯತ್ನಿಸಬೇಕು. ಆದಾಗ್ಯೂ ಬಾರದಿದ್ದರೆ ಮೆಕ್ಯಾನಿಕನಿಗೆ ಒಪ್ಪಿಸತಕ್ಕದ್ದು.

ಜಾರುವ ಕೀಲಿನ ತುದಿಯಲ್ಲಿ ಸಣ್ಣ ಗಾಳಿರಂಧ್ರವಿದ್ದರೆ, ಅದರಲ್ಲಿ ಗ್ರೀಸು ಕಾಣಿಸಿದ ಮೇಲೆ ರಂಧ್ರವನ್ನು ಬೆರಳಿನಿಂದ ಮುಚ್ಚಿ, ಇನ್ನೊಂದು ತುದಿಯ ಸೀಲಿನಲ್ಲಿ ಗ್ರೀಸು ಕಾಣುವವರೆಗೆ ತುಂಬತಕ್ಕದ್ದು. ಹೀಗೆ ಮಾಡಿದರೆ ಗ್ರೀಸು ಹಲ್ಲುಗಳ ಉದ್ದಕ್ಕೂ ಹರಡುವುದು.

ಗ್ರೀಸು ಯಾವುದೆಂಬುದನ್ನು ಗಾಡಿಯ ಕೈಪಿಡಿಯನ್ನು ನೋಡಿಯೇ ನಿಶ್ಚಯಿಸತಕ್ಕದ್ದು. ಸಾಮಾನ್ಯವಾಗಿ ಭಾರ ತಡೆಯುವ ಲಿಥಿಯಂ ಗ್ರೀಸು, 2ನೇ ನಂಬರಿನದು, ಉಪಯೋಗದಲ್ಲಿರುವುದು. ಕೆಲವು ಜಾತಿಯ ಗ್ರೀಸುಗಳು ಒಂದರೊಡನೊಂದು ಬೆರೆತರೆ ತೆಳ್ಳಗಾಗಿ ಸೋರಿಹೋಗುವುದರಿಂದ, ಕೈಗೆ ಸಿಕ್ಕಿದ ಡಬ್ಬಿಯಿಂದ ತುಂಬಕೂಡದು. ಅವಧಿಯನ್ನೂ ಕೈಪಿಡಿಯೇ ತಿಳಿಸುವುದು. ಹಾಗಿದ್ದಾಗ್ಯೂ ಕೆಸರು ನೀರಿನಲ್ಲಿ ದುಡಿಯುವ ಗಾಡಿಗೆ ಆ ಅವಧಿಗಿಂತ ಮುಂಚೆಯೇ, ಶಾಫ್ಟು ನೀರಿನಲ್ಲಿ ಮುಳುಗಿದ್ದರೆ ಕೂಡಲೇ, ಗ್ರೀಸು ತುಂಬುವುದು ಲೇಸು. ನಿಪ್ಪಲಿಲ್ಲದ, ಮುಚ್ಚಿದ ಜಾತಿಯ ಕ್ರಾಸುಗಳಿಗೆ ಗ್ರೀಸು ತುಂಬುವಂತಿಲ್ಲ. ಅವು ಅಲುಗಿದರೆ ಬದಲಾಯಿಸತಕ್ಕವು.

5. ಟ್ರ್ಯಾಕ್ಟರಿನ ಪಿ.ಟಿ.ಓ. ಶಾಫ್ಟು

ರೋಟವೇಟರು ಮೊದಲಾದವುಗಳನ್ನು ತಿರುಗಿಸುವ ಪಿ.ಟಿ.ಓ. ಶಾಫ್ಟಿನಲ್ಲಿಯೂ ಇವೇ ಕ್ರಾಸುಗಳು, ಒಂದರೊಳಗೊಂದು ಜಾರುವ ಇದೇ ಬಗೆಯ ಕೊಳವೆಗಳು ಇರುವುವು. ಗದ್ದೆಯ ರೊಜ್ಜಿನಲ್ಲಿ ದುಡಿಯುವ ಇದಕ್ಕೆ ಗ್ರೀಸಿನ ಅಗತ್ಯವು ಲಾರಿಗಿಂತಲೂ ಹೆಚ್ಚು. ನಿಮಿಷಕ್ಕೆ 540 ಸುತ್ತು, ಅಂದರೆ ಕ್ಷಣಕ್ಕೆ ಒಂಬತ್ತು ಸುತ್ತು ತಿರುಗುವ ಈ ಶಾಫ್ಟಿಗೆ ಸೀರೆಯ ಸೆರಗೋ ಪಂಚೆಯ ಅಂಚೋ ಸಿಕ್ಕಿದರೆ ಕೂಗುವಷ್ಟೂ ಅವಕಾಶವಿರದು. ಇಂಜಿನು ಆರದೆ ಗ್ರೀಸು ಮುಟ್ಟಕೂಡದು. ಗ್ರೀಸಿಗೆ ಅಡ್ಡಿಯೆಂದು ಕಳಚಿದ ರಕ್ಷಾಕವಚವನ್ನು ಮರಳಿ ಹಾಕದೆ ಯಂತ್ರವನ್ನು ನಡೆಸಕೂಡದು. ಬಾಡಿಗೆಗೆ ತಂದ ಯಂತ್ರವಾದರೂ ಇದನ್ನು ಹೊಲದ ಒಡೆಯನು ತಾನೇ ನೋಡತಕ್ಕದ್ದು.

6. ಮಾಲೀಕರು ಗಮನಿಸತಕ್ಕದ್ದು

ಗ್ರೀಸು ತುಂಬಿದ ಮೇಲೆ ಶಬ್ದವು ನಿಂತು, ಮುಂದಿನ ಅವಧಿಯವರೆಗೂ ಬಾರದಿದ್ದರೆ ಕೀಲು ಒಣಗಿತ್ತೆಂದು ತಿಳಿಯಬಹುದು. ನಾಲ್ಕಾರು ದಿನಗಳಲ್ಲಿಯೇ ಮರಳಿ ಬಂದರೆ ಅದು ಸವೆತವೆಂದು ಭಾವಿಸಿ ಗಾಡಿಯನ್ನು ಗ್ಯಾರೇಜಿಗೆ ಕಳುಹಿಸತಕ್ಕದ್ದು. ಮತ್ತೆ ಮತ್ತೆ ಗ್ರೀಸು ಹೊಡೆಸುವುದರಿಂದ ಶಬ್ದವು ಮುಚ್ಚಿಹೋಗುವುದೇ ವಿನಾ ಅಪಾಯವು ಹೋಗದು. ಓಡುವ ಲಾರಿಯಲ್ಲಿ ಮುಂದಿನ ಕ್ರಾಸು ಮುರಿದರೆ ಶಾಫ್ಟಿನ ತುದಿಯು ರಸ್ತೆಗೆ ನಾಟಿ, ತುಂಬಿದ ಗಾಡಿಯನ್ನೇ ಎತ್ತಿ ಕೆಡವಬಲ್ಲದು. ಆದಕಾರಣ ಶಾಫ್ಟಿನ ಕೆಳಗಿನ ರಕ್ಷಣೆಯ ಪಟ್ಟಿಯು ಸ್ಥಾನದಲ್ಲಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಸುಗ್ಗಿಯಲ್ಲಿ ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ ಪಡೆಯುವ ಚಾಲಕನು ಗಾಡಿ ನಿಲ್ಲಿಸಿ ಕೀಲು ನೋಡುವನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆ ಅರ್ಧ ದಿನದ ಕೂಲಿಯನ್ನು ಮಾಲೀಕನು ಕೊಟ್ಟು ಕೆಲಸವನ್ನು ಮಾಡಿಸತಕ್ಕದ್ದು. ಗ್ರೀಸಿನ ಡಬ್ಬಿಗಿಂತ ಕ್ರಾಸಿಗೆ ಬೆಲೆ ಹೆಚ್ಚು, ಕ್ರಾಸಿಗಿಂತ ಶಾಫ್ಟಿಗೆ ಹೆಚ್ಚು. ಮೂಟೆಗಳ ಮೇಲೆ ಕುಳಿತು ಬರುವ ಹಮಾಲರ ಪ್ರಾಣಕ್ಕೆ ಬೆಲೆ ಕಟ್ಟುವಂತಿಲ್ಲ, ಅವರನ್ನು ಹಾಗೆ ಕೂರಿಸುವುದೂ ಸಲ್ಲದು. ಗ್ರೀಸು ತುಂಬಿದ ತಾರೀಖನ್ನೂ, ಓಡಿದ ಕಿಲೋಮೀಟರನ್ನೂ, ಯಾವ ಕೀಲಿನಲ್ಲಿ ಆಟ ಕಂಡಿತೆಂಬುದನ್ನೂ ಒಂದು ಸಣ್ಣ ಪುಸ್ತಕದಲ್ಲಿ ಬರೆದು ಗಾಡಿಯಲ್ಲಿಯೇ ಇಟ್ಟರೆ, ಚಾಲಕನು ಬದಲಾದರೂ ಗಾಡಿಯ ಸ್ಥಿತಿಯು ಮುಂದಿನವನಿಗೆ ತಿಳಿಯುವುದು.