ಗೃಧ್ರರಾಜ ಜಟಾಯು: ಹಕ್ಕಿಯ ಗುರುತು ಮತ್ತು ಪ್ರಸಂಗದ ಅರ್ಥ

ಕನ್ನಡದಲ್ಲಿ ‘ಹದ್ದು’ ಎಂಬ ಪದದ ವ್ಯಾಪ್ತಿ ದೊಡ್ಡದು. ಹಳಗನ್ನಡದ ‘ಪರ್ದು’, ತಮಿಳಿನ ‘ಪರುಂದು’ಗಳ ಬಳಗಕ್ಕೆ ಸೇರಿದ ಈ ಪದ ಊರ ಮೇಲೆ ಸುತ್ತುವ ಕವಲುಬಾಲದ ಹಕ್ಕಿಗೆ ಸಲ್ಲುತ್ತದೆ; ಇಂಗ್ಲಿಷಿನ ‘ಈಗಲ್’ಗೂ ಅನುವಾದಕರು ಇದನ್ನೇ ಬಳಸುತ್ತಾರೆ; ‘ರಣ’ ಸೇರಿದಾಗ ಹೆಣ ತಿನ್ನುವ ಬೋಳುಕತ್ತಿನ ಹಕ್ಕಿಯಾಗುತ್ತದೆ. ‘ಗರುಡ’ವೆಂದರೆ ಆಡುಮಾತಿನಲ್ಲಿ ಬಿಳಿಯೆದೆಯ, ಕೆಂಗಂದು ರೆಕ್ಕೆಯ ಬೇರೊಂದು ಹಕ್ಕಿ. ಜಟಾಯುವಿನ ಸಂದರ್ಭದಲ್ಲಿ ಇವೆಲ್ಲ ಬೆರೆತುಹೋಗಿವೆ. ಚಿತ್ರಗಳಲ್ಲಂತೂ ಅವನು ಅನೇಕ ವೇಳೆ ತಲೆತುಂಬ ಗರಿಯಿರುವ ಗರುಡನೇ.

ವಾಲ್ಮೀಕಿ ಬಳಸುವ ಪದ ‘ಗೃಧ್ರ’, ಅಂದರೆ ರಣಹದ್ದು. ಪದವೊಂದನ್ನೇ ನಂಬಬೇಕಾಗಿಲ್ಲ, ಹಕ್ಕಿಯ ನಡವಳಿಕೆಯೂ ಕಾವ್ಯದಲ್ಲಿದೆ. ಕಿಷ್ಕಿಂಧಾಕಾಂಡದಲ್ಲಿ ಜಟಾಯುವಿನ ಅಣ್ಣ ಸಂಪಾತಿ ವಿಂಧ್ಯದ ಗುಹೆಯಿಂದ ಹೊರಬಂದು, ಪ್ರಾಯೋಪವೇಶಕ್ಕೆ ಕುಳಿತ ವಾನರರನ್ನು ಕಂಡು ಹಿಗ್ಗುತ್ತಾನೆ. ಅವನು ಅವರ ಮೇಲೆರಗುವುದಿಲ್ಲ. ಸತ್ತವರನ್ನು ಸತ್ತಂತೆ ಒಬ್ಬೊಬ್ಬರಾಗಿ ತಿನ್ನುವೆನೆನ್ನುತ್ತಾನೆ. ಸಾವಿಗಾಗಿ ಕಾಯುವುದು ರಣಹದ್ದಿನ ಲಕ್ಷಣ. ಬಂಡೆಯ ವಾಸ, ಬಹುದೂರ ಕಾಣುವ ಕಣ್ಣು, ಸೂರ್ಯನತ್ತ ಹಾರಿ ರೆಕ್ಕೆ ಸುಟ್ಟುಕೊಂಡ ಕಥೆ—ಇವೂ ಬಂಡೆಯಂಚಿನಲ್ಲಿ ಗೂಡುಕಟ್ಟಿ, ಬಿಸಿಗಾಳಿಯ ಬಲದಿಂದ ಮುಗಿಲೆತ್ತರಕ್ಕೇರುವ ಹಕ್ಕಿಗೆ ಒಪ್ಪುತ್ತವೆ. ಕವಿ ಇಂತಹದೇ ಪ್ರಭೇದವನ್ನು ಕಂಡಿದ್ದನೆನ್ನುವುದು ಮಾತ್ರ ಅತಿಯಾದೀತು.

ಒಂದು ತೊಡಕುಂಟು. ಜಟಾಯು ಕೊಕ್ಕು, ಉಗುರುಗಳಿಂದ ರಾವಣನನ್ನು ಸೀಳುತ್ತಾನೆ. ನಿಜವಾದ ರಣಹದ್ದಿನ ಪಾದ ನಡೆಯಲು ತಕ್ಕದ್ದೇ ಹೊರತು ಬೇಟೆಯನ್ನು ಹಿಡಿದು ಕೊಲ್ಲಲು ಅಲ್ಲ. ಚಿತ್ರಕಾರರು ಗರುಡನತ್ತ ವಾಲಿದ್ದಕ್ಕೆ ಈ ಯುದ್ಧವೇ ಕಾರಣವಿರಬಹುದು.

ಆದರೆ ಗರುಡನೆಂದು ಓದಿದರೆ ಅರಣ್ಯಕಾಂಡದ ಮುಂದಿನ ಪ್ರಸಂಗ ಸಪ್ಪೆಯಾಗುತ್ತದೆ. ನೆತ್ತರಲ್ಲಿ ತೊಯ್ದು ಬಿದ್ದ ಜಟಾಯುವನ್ನು ಕಂಡ ರಾಮ, ಗೃಧ್ರರೂಪದ ಈ ರಾಕ್ಷಸನೇ ಸೀತೆಯನ್ನು ತಿಂದನೆಂದು ಬಾಣ ಹೂಡುತ್ತಾನೆ. ಹೆಣ ತಿನ್ನುವ ಹಕ್ಕಿಯಾದ್ದರಿಂದಲೇ ಆ ಶಂಕೆ ಸಹಜ. ಸತ್ಯ ತಿಳಿದ ಮೇಲೆ ಅದೇ ರಾಮ ಅದಕ್ಕೆ ಚಿತೆಯೊಟ್ಟಿ ದಹಿಸಿ, ಗೋದಾವರಿಯಲ್ಲಿ ತರ್ಪಣ ಕೊಡುತ್ತಾನೆ. ಶವಗಳನ್ನು ತಿಂದು ಬದುಕುವ ಜೀವಕ್ಕೆ ಶವಸಂಸ್ಕಾರ ದೊರೆಯುವ ಈ ತಿರುವು ಹಕ್ಕಿಯ ಗುರುತನ್ನೇ ಅವಲಂಬಿಸಿದೆ. ಜೈನ ರಾಮಾಯಣ ಪರಂಪರೆಯಲ್ಲಿ ಇದೇ ಹಕ್ಕಿ ಮುನಿಸನ್ನಿಧಿಯಲ್ಲಿ ವ್ರತ ಹಿಡಿಯುವುದರ ತೂಕವೂ ಹೀಗೆಯೇ ತಿಳಿಯಬೇಕಾದದ್ದು.

ತರಗತಿಯಲ್ಲಿ ಈ ಭಾಗವನ್ನು ಓದುವವರಲ್ಲಿ ಹಕ್ಕಿಯನ್ನು ಕಂಡವರು ಈಗ ವಿರಳ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕವು ಅವುಗಳ ಹೆಣದ ಮೂಲಕ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿತು; 2006ರಲ್ಲಿ ಭಾರತ ಆ ಔಷಧದ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸುವ ವೇಳೆಗೆ ಬಹುಪಾಲು ಅಳಿದಿದ್ದವು. 2012ರಲ್ಲಿ ರಣಹದ್ದುಧಾಮವಾದ ರಾಮನಗರದ ರಾಮದೇವರಬೆಟ್ಟದ ಬಂಡೆಗಳು ಉದ್ದಕೊಕ್ಕಿನ ರಣಹದ್ದಿನ ನೆಲೆ: ಬೋಳು ತಲೆ, ಕತ್ತಿನ ಬುಡದಲ್ಲಿ ಮಸುಕುಬಿಳಿ ಕೊರಳಪಟ್ಟಿ, ಎರಡು ಮೀಟರಿನಷ್ಟು ಚಾಚುವ ರೆಕ್ಕೆ, ಗಿಡ್ಡ ಬಾಲ.